ಚರ್ಚಿನಿಂದ ಹೊರಟ ತಾಳ ಊರು ಸುತ್ತಿ ಬಂದದ್ದು

(ಹಾಡು ಕೇಳುವ ಗೆಳೆಯರ ಕೂಟವೊಂದರಲ್ಲಿ, ನಡುನಡುವೆ ಹಾಡು ಹಾಕುತ್ತ ಆಡಿದ ಮಾತುಗಳ ಬರಹ ರೂಪ. ಬರಹದಲ್ಲಿ ಹಾಡು ಕೇಳಿಸಲಾಗದು. ಓದುವಾಗ ಪಕ್ಕದಲ್ಲಿ ಫೋನು ಇಟ್ಟುಕೊಂಡರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಗಾಸ್ಪೆಲ್ ಸಂಗೀತ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳ ದೇವರ ಹಾಡು, ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಸಿನಿಮಾದಲ್ಲಿ ನೋಡಿದ ಒಂದು ನೋಟ. ಉದ್ದ ನಿಲುವಂಗಿ ತೊಟ್ಟ ಕಪ್ಪು ಜನರ ಕ್ವಾಯರ್, ಅಂದರೆ ಹಾಡುಗಾರರ ಮೇಳ, ಎಲ್ಲರೂ ಒಟ್ಟಿಗೆ ಎಡಕ್ಕೂ ಬಲಕ್ಕೂ ತೂಗುತ್ತ, ಚಪ್ಪಾಳೆ ತಟ್ಟುತ್ತ ಹಾಡುವುದು. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಇವತ್ತಿಗೆ ನಾನು ಆರಿಸಿಕೊಂಡಿರುವುದು 2000ದ ಮೇ ತಿಂಗಳಲ್ಲಿ ಹೊರಬಂದ 'ಥ್ಯಾಂಕ್‌ಫುಲ್' ಎಂಬ ಆಲ್ಬಮ್. ಹಾಡಿದವರು 'ಮೇರಿ ಮೇರಿ' ಎಂಬ ಜೋಡಿ. ಎರಿಕಾ ಆಟ್ಕಿನ್ಸ್ ಅಕ್ಕ, ಟೀನಾ ಆಟ್ಕಿನ್ಸ್ ತಂಗಿ. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನವರು.

ಹೆಸರಿನ ಬಗ್ಗೆ ಒಂದು ಮಾತು. ಈ ಎರಡು ಮೇರಿಗಳಲ್ಲಿ ಒಬ್ಬಳು ಯೇಸುವಿನ ತಾಯಿ ಮರಿಯಳು, ಇನ್ನೊಬ್ಬಳು ಮಗ್ದಲದ ಮರಿಯಳು. ಮಗ್ದಲದವಳನ್ನು ವೇಶ್ಯೆ ಎಂದು ನೂರಾರು ವರ್ಷ ಹೇಳಿಕೊಂಡು ಬಂದರು. ಸುವಾರ್ತೆಗಳಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಅವಳನ್ನು ಕಾಡುತ್ತಿದ್ದ ಏಳು ದೆವ್ವಗಳು ಬಿಟ್ಟುಹೋದವು ಎಂದಷ್ಟೇ ಇದೆ. ಅಂದರೆ ಒಬ್ಬಳು ಕಳಂಕವಿಲ್ಲದವಳು, ಇನ್ನೊಬ್ಬಳು ಬಿಡುಗಡೆ ಕಂಡವಳು. ಆಲ್ಬಮ್ಮಿನಲ್ಲಿ ಎರಡನೆಯವಳ ದನಿಯೇ ಜಾಸ್ತಿ ಕೇಳುತ್ತದೆ ಎಂದು ನನಗೆ ಅನಿಸಿದೆ.

ಮೊದಲು ಹಾಕಿದ್ದು 'ಶ್ಯಾಕಲ್ಸ್' ಹಾಡು. ನನ್ನ ಕಾಲಿನ ಬೇಡಿ ಬಿಚ್ಚು, ಕುಣಿಯಬೇಕು, ನಿನ್ನನ್ನು ಕೊಂಡಾಡಬೇಕು: ಪಲ್ಲವಿಯ ಅಭಿಪ್ರಾಯ ಇಷ್ಟೇ. ಕೆಳಗೆ ಫಂಕ್ ಸಂಗೀತದ ದಪ್ಪ ಬೇಸ್, ನಾಲ್ಕರ ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಬೀಳುವ ಪೆಟ್ಟು, ಮೇಲೆ ಅಕ್ಕ ತಂಗಿಯರ ದನಿಗಳನ್ನೇ ಪದರ ಪದರವಾಗಿ ಕೂಡಿಸಿ ಕಟ್ಟಿದ ಮೇಳ. ವೇಗ ಓಟದ್ದಲ್ಲ, ಬಿರುಸು ನಡಿಗೆಯದು. ಕೂತವರ ಕಾಲು ತಾನಾಗಿ ಏಳುವುದು ಅದಕ್ಕೇ. ಇನ್ನೊಂದು ಗಮನಿಸಿ: ಪಲ್ಲವಿಯಲ್ಲಿ ದೇವರ ಹೆಸರೇ ಇಲ್ಲ. ಬರೀ 'ನಿನ್ನನ್ನು'. ಬೆಂಕಿ ದಾಟಿ ಬಂದೆ, ಮಳೆ ದಾಟಿ ಬಂದೆ ಎನ್ನುವ ಭಾಗಕ್ಕೆ ಬಂದಮೇಲೆಯೇ ದೇವರು ಸರಪಳಿ ಮುರಿದ ಎಂಬ ಮಾತು ಬರುವುದು. ರೇಡಿಯೊವನ್ನು ಅರ್ಧ ಕಿವಿಯಲ್ಲಿ ಕೇಳುವವನಿಗೆ ಇದು ಶನಿವಾರ ರಾತ್ರಿಯ ಪಾರ್ಟಿ ಹಾಡೂ ಆಗಬಹುದು.

ಆಯಿತು ಕೂಡ. ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಎಂಬ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 28ನೇ ಸ್ಥಾನಕ್ಕೂ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೂ ಏರಿತು. ಭಾನುವಾರ ಬ್ರಿಟನ್ನಿನ ಚರ್ಚುಗಳಲ್ಲಿ ಎಷ್ಟು ಬೆಂಚು ಖಾಲಿ ಇರುತ್ತವೆ ಎಂದು ಕಂಡವರಿಗೆ ಈ ಐದನೇ ಸ್ಥಾನದ ಸ್ವಾರಸ್ಯ ತಿಳಿಯುತ್ತದೆ. ಆಲ್ಬಮ್ ಅಮೆರಿಕದಲ್ಲಿ ಹತ್ತು ಲಕ್ಷದ ಲೆಕ್ಕದ ಪ್ಲಾಟಿನಂ ಗುರುತು ಪಡೆಯಿತು. 2001ರಲ್ಲಿ ಸಮಕಾಲೀನ ಸೋಲ್ ಗಾಸ್ಪೆಲ್ ವಿಭಾಗದ ಗ್ರ್ಯಾಮಿಯೂ ಬಂತು.

ದೇವರ ಹಾಡಿಗೆ ಕ್ಲಬ್ಬಿನ ಬೀಟು ಯಾಕೆ ಬೇಕು? ಇಂಥ ಹಾಡು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಹೊಸಬರ ಮೇಲಿನ ಸಿಟ್ಟಿನಿಂದ ಕೇಳುವವರೂ ಇದ್ದಾರೆ, ನಿಜವಾದ ಕಳವಳದಿಂದ ಕೇಳುವವರೂ ಇದ್ದಾರೆ. ನಾನು ಹೇಳಬೇಕೆಂದಿರುವುದು ಇಷ್ಟು: ಬೀಟು ಹೊರಗಿಂದ ಒಳಗೆ ನುಗ್ಗಿದ್ದಲ್ಲ, ಅದು ಚರ್ಚಿನದೇ ಸ್ವತ್ತು. ಪೇಟೆಗೆ ಹೋಗಿ ಬರುವ ದಾರಿಯಲ್ಲಿ ಗಾಸ್ಪೆಲ್ ಕಳೆದುಕೊಂಡದ್ದು ಬೇರೆ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕುಣಿತದ ತಕರಾರು ಬೈಬಲ್ಲಿನಷ್ಟೇ ಹಳೆಯದು. ಎರಡನೇ ಸಮುವೇಲನ ಪುಸ್ತಕದಲ್ಲಿ ದಾವೀದ ಅರಸ ದೇವರ ಮಂಜೂಷವನ್ನು, ಅಂದರೆ ಪವಿತ್ರ ಪೆಟ್ಟಿಗೆಯನ್ನು, ಪಟ್ಟಣಕ್ಕೆ ತರುವಾಗ ಮೈಮರೆತು ಕುಣಿಯುತ್ತಾನೆ. ಹೆಂಡತಿ ಮೀಕಲಳು ಕಿಟಕಿಯಿಂದ ಇಣುಕಿ ನೋಡಿ ಮನಸ್ಸಿನಲ್ಲೇ ತಿರಸ್ಕರಿಸುತ್ತಾಳೆ. ಅರಸನಾದವನು ದಾಸಿಯರ ಕಣ್ಣೆದುರು ಹೀಗೆ ಮಾಡುವುದೇ ಎಂದು ಆಮೇಲೆ ಹಂಗಿಸುತ್ತಾಳೆ. ದಾವೀದ ಜಗ್ಗುವುದಿಲ್ಲ. ಇನ್ನು 'ಶ್ಯಾಕಲ್ಸ್' ಕೇಳುವ ಚರ್ಚಿನ ಮಂದಿಗೆ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವೂ ನೆನಪಾಗದೆ ಇರದು. ಪೌಲ, ಸೀಲ ಇಬ್ಬರೂ ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿಗಿಸಿಕೊಂಡು ಕೂತಿದ್ದಾರೆ. ನಡುರಾತ್ರಿ ಹಾಡುತ್ತಾರೆ. ಭೂಮಿ ನಡುಗುತ್ತದೆ, ಬಾಗಿಲು ತೆರೆಯುತ್ತದೆ, ಎಲ್ಲರ ಬೇಡಿಗಳೂ ಕಳಚಿ ಬೀಳುತ್ತವೆ.

ಆದರೆ ಕಪ್ಪು ಅಮೆರಿಕನ್ನರ ಬಾಯಲ್ಲಿ ಬೇಡಿ ಎಂಬುದು ಬೈಬಲ್ಲಿನಿಂದ ಎರವಲು ತಂದ ರೂಪಕ ಮಾತ್ರ ಅಲ್ಲ. ಅವರ ಹಿರಿಯರ ಕಾಲಿಗೆ ನಿಜವಾದ ಕಬ್ಬಿಣವೇ ಇತ್ತು. 1739ರಲ್ಲಿ ದಕ್ಷಿಣ ಕೆರೊಲಿನದ ಸ್ಟೋನೊ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಡೋಲು ಬಡಿದು ಜನ ಕೂಡಿಸಿದ್ದರು. ದಂಗೆ ಅಡಗಿಸಿದ ಒಡೆಯರು ಮರುವರ್ಷ, 1740ರಲ್ಲಿ, ಒಂದು ಕಾಯಿದೆ ತಂದರು. ಗುಲಾಮರು ಡೋಲು, ಕಹಳೆ, ದೊಡ್ಡ ಸದ್ದಿನ ಯಾವ ವಾದ್ಯವನ್ನೂ ಇಟ್ಟುಕೊಳ್ಳಕೂಡದು. ಡೋಲು ಹೋಯಿತು, ತಾಳ ಹೋಗಲಿಲ್ಲ. ಅಂಗೈ, ತೊಡೆ, ಹಿಮ್ಮಡಿ, ಹಲಗೆಯ ನೆಲ ಇಷ್ಟರಲ್ಲೇ ತಾಳ ಬದುಕಿತು.

ಅದರಿಂದ ಬೆಳೆದದ್ದು ರಿಂಗ್ ಶೌಟ್ ಎಂಬ ಆರಾಧನೆ. ಜಾರ್ಜಿಯ, ದಕ್ಷಿಣ ಕೆರೊಲಿನದ ಕರಾವಳಿ ದ್ವೀಪಗಳಲ್ಲಿ ಇದು ಗಟ್ಟಿಯಾಗಿ ಉಳಿಯಿತು, ಈಗಲೂ ಅಲ್ಲಲ್ಲಿ ಇದೆ. ಒಬ್ಬ ಹಾಡು ಎತ್ತುತ್ತಾನೆ, ಕೆಲವರು ಪಕ್ಕದಲ್ಲಿ ನಿಂತು ಮಾರುತ್ತರ ಕೊಟ್ಟು ಚಪ್ಪಾಳೆ ಹಾಕುತ್ತಾರೆ, ಒಬ್ಬ ಪೊರಕೆಯ ಹಿಡಿಯಂಥ ಕೋಲಿನಿಂದ ನೆಲ ಕುಟ್ಟುತ್ತಾನೆ, ಉಳಿದವರು ವೃತ್ತವಾಗಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಾರೆ. ನಮ್ಮ ಕರಾವಳಿಯ ಕುಣಿತ ಭಜನೆ ಕಂಡವರಿಗೆ ಸ್ವಲ್ಪ ಅಂದಾಜು ಸಿಕ್ಕೀತು: ಹೆಜ್ಜೆಗೂ ತಾಳಕ್ಕೂ ಗಂಟು ಹಾಕಿಕೊಂಡು, ನಿಧಾನಕ್ಕೆ ಶುರುವಿಟ್ಟು, ಮೈ ಬಿಸಿಯಾಗುವವರೆಗೆ ಏರಿಸುತ್ತ ಹೋಗುವುದು. ಆದರೆ ರಿಂಗ್ ಶೌಟ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಪಾದ ನೆಲಕ್ಕೆ ಉಜ್ಜುತ್ತಲೇ ಸರಿಯಬೇಕು. ಒಂದು ಕಾಲು ಇನ್ನೊಂದನ್ನು ದಾಟಬಾರದು. ದಾಟಿದರೆ ಅದು ಡ್ಯಾನ್ಸ್, ಅಂದರೆ ಪಾಪ. ದಾಟದಿದ್ದರೆ ಆರಾಧನೆ. ಪಾಪಕ್ಕೂ ಪುಣ್ಯಕ್ಕೂ ನಡುವಿನ ಗಡಿ ಎರಡು ಪಾದಗಳ ನಡುವೆ ಹಾದುಹೋಗುತ್ತಿತ್ತು. ಕಾಲಿನ ಬೇಡಿ ಬಿಚ್ಚು, ಕುಣಿಯಬೇಕು ಎಂದು ಇಂಗಲ್‌ವುಡ್‌ನ ಇಬ್ಬರು ಹೆಣ್ಣುಮಕ್ಕಳು 2000ದಲ್ಲಿ ಹಾಡುವಾಗ, ಕಬ್ಬಿಣದ ಬೇಡಿಯ ಜೊತೆಗೆ ಈ ಎರಡನೇ ಬೇಡಿಯನ್ನೂ ಬಿಚ್ಚಲು ಕೇಳುತ್ತಿದ್ದಾರೆ ಎಂದು ನನಗೆ ತೋರುತ್ತದೆ.

ಇದರ ಜೊತೆ ಸೇರಿಸಬೇಕಾದ್ದು ಪೆಂತೆಕೊಸ್ತ್ ಚಳವಳಿ, ಪವಿತ್ರಾತ್ಮದ ಅನುಭವಕ್ಕೆ ಒತ್ತು ಕೊಡುವ ಕ್ರೈಸ್ತ ಪಂಥ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಒಂದು ಹಳೇ ಕಟ್ಟಡದಲ್ಲಿ ವಿಲಿಯಮ್ ಸೆಮೂರ್ ಎಂಬ ಕಪ್ಪು ಬೋಧಕರು ನಡೆಸಿದ ಕೂಟಗಳಿಂದ ಅದು ಜಗತ್ತಿಗೆಲ್ಲ ಹರಡಿತು. ಅಲ್ಲಿಗೆ ಬಂದು ಹೋದವರಲ್ಲಿ ಚಾರ್ಲ್ಸ್ ಹ್ಯಾರಿಸನ್ ಮೇಸನ್ ಒಬ್ಬರು. ಅವರು ಕಟ್ಟಿ ಬೆಳೆಸಿದ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಸಭೆ, ಮರ್ಯಾದಸ್ಥ ಚರ್ಚುಗಳು ಮೂಗು ಮುರಿಯುತ್ತಿದ್ದ ಕಾಲದಲ್ಲೇ ಡ್ರಮ್, ತಂಬೂರಿ, ಗಿಟಾರ್ ಎಲ್ಲವನ್ನೂ ಆರಾಧನೆಗೆ ಒಳಗೆ ಬಿಟ್ಟುಕೊಂಡಿತು. ತಂಬೂರಿ ಎಂದರೆ ನಮ್ಮ ತಂಬೂರಿ ಅಲ್ಲ, ಗಿಲಕಿ ಕಟ್ಟಿದ ಕೈದಮ್ಮಡಿ. ಪವಿತ್ರಾತ್ಮ ಮೈಮೇಲೆ ಬಂದು ಕುಣಿಯುವುದು ಅಲ್ಲಿ ನಾಚಿಕೆಯ ಸಂಗತಿಯಲ್ಲ, ವರ. ಎರಿಕಾ, ಟೀನಾ ಬೆಳೆದದ್ದು ಇದೇ ಸಭೆಯ ಮಡಿಲಿನಲ್ಲಿ.

ಇನ್ನು ಚರ್ಚಿನ ಒಳಗೂ ಹೊರಗೂ ಹಾಡು ನಡೆಸಿದ ಓಡಾಟ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳುತ್ತ ಹೋದರೆ ರಾತ್ರಿಯಾದೀತು. ಗಾಸ್ಪೆಲ್ಲಿನ ಪಿತಾಮಹ ಎನ್ನಿಸಿಕೊಂಡ ಥಾಮಸ್ ಡಾರ್ಸಿ ಮೊದಲು 'ಜಾರ್ಜಿಯ ಟಾಮ್' ಎಂಬ ಹೆಸರಿನಲ್ಲಿ ಬ್ಲೂಸ್ ಎಂಬ ಕಪ್ಪು ಜನರ ಲೌಕಿಕ ಸಂಗೀತದ ಪೋಲಿ ಹಾಡು ರೆಕಾರ್ಡ್ ಮಾಡಿದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ 'ಪ್ರೆಶಸ್ ಲಾರ್ಡ್' ಇವತ್ತಿಗೂ ಸಾವಿನ ಮನೆಗಳಲ್ಲಿ ಹಾಡುವ ಹಾಡು. ಅವರ ಪಿಯಾನೊದಲ್ಲಿ ಬ್ಲೂಸ್ ಇದೆ ಎಂದು ಶಿಕಾಗೊದ ದೊಡ್ಡ ಚರ್ಚುಗಳು ಅವರನ್ನು ಬಾಗಿಲಾಚೆ ಕಳಿಸಿದ್ದವು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡು ಹಾಡಿದರು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್ ಕ್ಲಬ್ಬಿನ ವೇದಿಕೆ ಹತ್ತಿದ್ದಕ್ಕೆ ಚರ್ಚಿನವರ ಕೋಪಕ್ಕೆ ಗುರಿಯಾದರು. ರಾಕ್ ಅಂಡ್ ರೋಲ್ ಗಿಟಾರಿಗರು ಯಾರನ್ನು ಕೇಳಿ ಕಲಿತರು ಎಂದು ಈಗ ಎಲ್ಲರೂ ಒಪ್ಪುತ್ತಾರೆ.

ಚರ್ಚಿನಿಂದ ಹೊರಗೆ ಹೋದದ್ದೂ ಹಾಗೇ. ರೇ ಚಾರ್ಲ್ಸ್ 1954ರಲ್ಲಿ ರೇಡಿಯೊದಲ್ಲಿ ಕೇಳಿದ ಒಂದು ಗಾಸ್ಪೆಲ್ ಹಾಡಿನ ಧಾಟಿಗೆ ಹೆಂಗಸಿನ ಮೇಲಿನ ಮಾತು ಹಾಕಿ ಸೋಲ್ ಸಂಗೀತಕ್ಕೆ ದಾರಿ ಮಾಡಿದರು. ಗಾಸ್ಪೆಲ್ ಗಾಯಕ ಸ್ಯಾಮ್ ಕುಕ್ ತಮ್ಮದೇ ತಂಡದ 'ವಂಡರ್‌ಫುಲ್' ಎಂಬ ದೇವರ ಹಾಡನ್ನು 'ಲವಬಲ್' ಎಂದು ತಿರುಗಿಸಿ 1956ರಲ್ಲಿ ರೆಕಾರ್ಡ್ ಮಾಡಿ ಹೊರಬಿಟ್ಟರು, ಅದೂ ಹೆಸರು ಮರೆಮಾಚಿ, ಡೇಲ್ ಕುಕ್ ಎಂದು. ದನಿ ಎಲ್ಲಿ ಅಡಗುತ್ತದೆ? ಕೇಳಿದವರಿಗೆಲ್ಲ ಗೊತ್ತಾಯಿತು.

ಡ್ಯಾನ್ಸ್ ಕ್ಲಬ್ಬುಗಳ ಕಥೆ ಇದಕ್ಕಿಂತ ರುಚಿ. 1980ರ ದಶಕದ ಶಿಕಾಗೊದಲ್ಲಿ ಹುಟ್ಟಿದ ಹೌಸ್ ಎಂಬ ಡ್ಯಾನ್ಸ್ ಸಂಗೀತದ ದನಿಗಳಲ್ಲಿ ಬಹಳಷ್ಟು ಚರ್ಚಿನಲ್ಲಿ ಪಳಗಿದ ದನಿಗಳು. ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಚರ್ಚು ದೂರ ಇಟ್ಟಿದ್ದ ಸಲಿಂಗಪ್ರೇಮಿ ಕಪ್ಪು ಯುವಕರೂ ಬಹಳ. ಭಾನುವಾರ ಸಿಗದಿದ್ದದ್ದನ್ನು ಅವರು ಶನಿವಾರ ರಾತ್ರಿ ಪಡೆದುಕೊಂಡರು ಎನ್ನಬೇಕು. ಅದೇ ಹೊತ್ತಿಗೆ ಡಿಟ್ರಾಯಿಟ್‌ನ ಕ್ಲಾರ್ಕ್ ಸಹೋದರಿಯರ 'ಯೂ ಬ್ರಾಟ್ ದ ಸನ್‌ಶೈನ್' ನ್ಯೂಯಾರ್ಕಿನ ಡ್ಯಾನ್ಸ್ ಕ್ಲಬ್ಬುಗಳಲ್ಲಿ ತಿರುಗಿತು. ಅವರ ತಾಯಿ ಮ್ಯಾಟಿ ಮಾಸ್ ಕ್ಲಾರ್ಕ್ ಯಾರು ಗೊತ್ತೇ? ಆಗಲೇ ಹೇಳಿದ ಮೇಸನ್ನರ ಸಭೆಗೆ ಇಡೀ ದೇಶದ ಸಂಗೀತದ ಹೊಣೆ ಹೊತ್ತಿದ್ದವರು. 1985ರಲ್ಲಿ ಟ್ರಮೇನ್ ಹಾಕಿನ್ಸ್ ಹಾಡಿದ 'ಫಾಲ್ ಡೌನ್' ಬಿಲ್‌ಬೋರ್ಡಿನ ಡ್ಯಾನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು. ಅಂದರೆ 'ಥ್ಯಾಂಕ್‌ಫುಲ್' ಬರುವುದಕ್ಕೆ ಹದಿನೈದು ವರ್ಷ ಮುಂಚೆಯೇ ಗಾಸ್ಪೆಲ್ ಗಾಯಕಿಯೊಬ್ಬರು ಕ್ಲಬ್ಬಿನ ನೆಲ ಗೆದ್ದಾಗಿತ್ತು. ಬೈಗಳನ್ನೂ ಪಡೆದಾಗಿತ್ತು.

ದಾರಿಯನ್ನು ಹೆದ್ದಾರಿ ಮಾಡಿದವರು ಮಾತ್ರ ಕರ್ಕ್ ಫ್ರಾಂಕ್ಲಿನ್. ಟೆಕ್ಸಾಸ್‌ನ ಫೋರ್ಟ್ ವರ್ತ್‌ನವರು. ಹೆತ್ತವರು ಬಿಟ್ಟುಹೋದ ಹುಡುಗನನ್ನು ಗರ್ಟ್ರೂಡ್ ಎಂಬ ಮುದುಕಿ ಸಾಕಿದರು. ಅಲ್ಯೂಮಿನಿಯಂ ಡಬ್ಬಿ ಆಯ್ದು ಮಾರಿ ಅವನ ಪಿಯಾನೊ ಪಾಠಕ್ಕೆ ದುಡ್ಡು ಹೊಂದಿಸಿದರು. ಹನ್ನೊಂದು ಹನ್ನೆರಡರ ವಯಸ್ಸಿಗೇ ಹುಡುಗ ದೊಡ್ಡವರ ಕ್ವಾಯರ್ ನಡೆಸುತ್ತಿದ್ದ. 1997ರಲ್ಲಿ ಡ್ಯಾಲಸ್‌ನ 'ಗಾಡ್ಸ್ ಪ್ರಾಪರ್ಟಿ' ಎಂಬ ಯುವಕರ ಕ್ವಾಯರ್ ಕಟ್ಟಿಕೊಂಡು ತಂದ ಆಲ್ಬಮ್ ಬಿಲ್‌ಬೋರ್ಡಿನ ಮುಖ್ಯ ಪಟ್ಟಿಯಲ್ಲಿ 3ನೇ ಸ್ಥಾನ ಮುಟ್ಟಿತು. ಅದರಲ್ಲಿನ 'ಸ್ಟಾಂಪ್' ಹಾಡಿನ ಬೆನ್ನೆಲುಬು ಫಂಕಡೆಲಿಕ್ ತಂಡ 1978ರಲ್ಲಿ ಮಾಡಿದ ಕುಣಿತದ ಹಾಡಿನಿಂದ ಎತ್ತಿಕೊಂಡದ್ದು. ನಡುವೆ ಸಾಲ್ಟ್ ಎಂಬ ರ‍್ಯಾಪ್ ಗಾಯಕಿ ಬಂದು ನಾಲ್ಕು ಮಾತು ಹಾಕಿ ಹೋಗುತ್ತಾರೆ. ಹಾಡು ಶುರುವಾಗುವ ಮೊದಲೇ ಫ್ರಾಂಕ್ಲಿನ್, ಗಾಸ್ಪೆಲ್ ದಾರಿ ತಪ್ಪಿತು ಎನ್ನುವವರಿಗೆ ನೀವು ಇನ್ನೂ ಏನೂ ಕೇಳಿಲ್ಲ ಎಂದು ಸವಾಲು ಹಾಕುತ್ತಾರೆ. ಎಂಟಿವಿ ಇದನ್ನು ಮತ್ತೆ ಮತ್ತೆ ತೋರಿಸಿತು.

ದೊಡ್ಡ ರೆಕಾರ್ಡ್ ಕಂಪನಿಗಳ ಕಣ್ಣು ಬಿದ್ದದ್ದು ಆಗ. ಅದುವರೆಗೆ ಗಾಸ್ಪೆಲ್ ಕ್ಯಾಸೆಟ್ಟು, ಸಿಡಿ ಹೆಚ್ಚಾಗಿ ಮಾರಾಟವಾಗುತ್ತಿದ್ದದ್ದು ಕ್ರೈಸ್ತ ಪುಸ್ತಕದಂಗಡಿಗಳಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಮೇಜು ಹಾಕಿಕೊಂಡು. ಕೊಲಂಬಿಯಾದಂಥ ಕಂಪನಿ ಕೈಹಾಕಿತೆಂದರೆ ಅದೇ ಸಿಡಿ ಪಾಪ್ ಸಿಡಿಗಳ ಪಕ್ಕದಲ್ಲೇ ಕೂರುತ್ತದೆ, ರೇಡಿಯೊದವರ ಮೇಜಿಗೂ ತಲುಪುತ್ತದೆ. ಮೇರಿ ಮೇರಿಯನ್ನು ಕೊಲಂಬಿಯಾ ಕರೆದುಕೊಂಡದ್ದು ಈ ಗಾಳಿ ಬೀಸುತ್ತಿದ್ದಾಗ. ಹಾಗೆಂದು ಇವರೇನೂ ನಿನ್ನೆ ಮೊನ್ನೆ ಬಂದವರಲ್ಲ. ಬ್ರ್ಯಾಂಡಿಯಂಥ ಆರ್ ಅಂಡ್ ಬಿ ಗಾಯಕಿಯರ ಹಿಂದೆ ನಿಂತು ಕೋರಸ್ ಹಾಡಿದ್ದರು. ನಿರ್ಮಾಪಕ ವಾರಿನ್ ಕ್ಯಾಂಬೆಲ್ ಜೊತೆ ಕೂತು ಬೇರೆಯವರಿಗೆ ಹಾಡು ಬರೆದುಕೊಟ್ಟಿದ್ದರು. ಮೂವರೂ ಚರ್ಚಿನಲ್ಲಿ ಬೆಳೆದವರು, ಮೂವರಿಗೂ ಸ್ಟುಡಿಯೊದ ಕೆಲಸ ಗೊತ್ತು. ಆಲ್ಬಮ್ಮಿನ ಹದ ಹುಟ್ಟಿದ್ದು ಇಲ್ಲಿಂದ. 2001ರಲ್ಲಿ ಎರಿಕಾ ವಾರಿನ್‌ರನ್ನೇ ಮದುವೆಯಾದರು. ಟೀನಾ ಮದುವೆಯಾದ ಡ್ರಮ್ಮರ್ ಟೆಡ್ಡಿಯ ಅಡ್ಡಹೆಸರೂ ಕ್ಯಾಂಬೆಲ್ಲೇ, ಆದರೆ ಇಬ್ಬರಿಗೂ ನೆಂಟಸ್ತನವಿಲ್ಲ. ಹೀಗೆ ಅಕ್ಕ ತಂಗಿ ಇಬ್ಬರೂ ಕ್ಯಾಂಬೆಲ್‌ಗಳಾದರು. ಇದು ಸಂಗೀತಕ್ಕೆ ಸಂಬಂಧಿಸಿದ್ದಲ್ಲ, ಹೇಳದೆ ಇರಲಾಗಲಿಲ್ಲ.

ಈಗ ಆಲ್ಬಮ್ಮಿಗೇ ಬರೋಣ. ಹಾಡಿಂದ ಹಾಡಿಗೆ ಹೋಗುವ ಬದಲು ಕೆಲವನ್ನಷ್ಟೇ ಮುಟ್ಟುತ್ತೇನೆ. 'ಐ ಸಿಂಗ್ಸ್' ಹಾಡಿನಲ್ಲಿ ಬಿಬಿ ಜೇ ಎಂಬ ಕ್ರೈಸ್ತ ರ‍್ಯಾಪರ್ ಬರುತ್ತಾರೆ. ನನಗೆ ಇದು ಆಲ್ಬಮ್ಮಿನಲ್ಲಿ ಬೇಗ ಹಳತಾದ ಹಾಡು. ಅದರ ಡ್ರಮ್ ಸದ್ದು ಕೇಳಿದ ಕೂಡಲೇ ಇಸವಿ ಹೇಳಿಬಿಡಬಹುದು. 'ಗುಡ್ ಟು ಮಿ' ಹಾಡಿಗೆ ಡೆಸ್ಟಿನೀಸ್ ಚೈಲ್ಡ್ ತಂಡ ದನಿಗೂಡಿಸಿದೆ, ಅಂದರೆ ಬಿಯಾನ್ಸೆಯ ಆಗಿನ ತಂಡ. ಅವರದ್ದೂ ಕೊಲಂಬಿಯಾ ಕಂಪನಿಯೇ. ಪಾಪ್ ಪಟ್ಟಿಯ ತುದಿಯಲ್ಲಿದ್ದ ಹುಡುಗಿಯರು ಗಾಸ್ಪೆಲ್ ಆಲ್ಬಮ್ಮಿಗೆ ಬಂದು ಹಾಡಿದಾಗ ಹೊರಗಿನವರಂತೆ ಕೇಳುವುದೇ ಇಲ್ಲ. ಮನೆಗೆ ಬಂದವರಂತೆ ಕೇಳುತ್ತಾರೆ. ಮರುವರ್ಷ ತಮ್ಮದೇ ಆಲ್ಬಮ್ಮಿನಲ್ಲಿ ಅವರು ಒಂದು ಗಾಸ್ಪೆಲ್ ಮಾಲೆಯನ್ನೂ ಸೇರಿಸಿದರು.

ಆಮೇಲೆ 'ವೇಡ್ ಇನ್ ದ ವಾಟರ್'. ಗುಲಾಮಗಿರಿಯ ಕಾಲದ ಹಾಡು, ಅಚ್ಚಾದದ್ದು 1901ರಲ್ಲಿ. ಓಡಿಹೋಗುವ ಗುಲಾಮರಿಗೆ ನೀರಿಗಿಳಿಯಿರಿ, ನಾಯಿಗಳಿಗೆ ವಾಸನೆ ಸಿಗದು ಎಂದು, ಗುಲಾಮರನ್ನು ತಪ್ಪಿಸಿ ಕರೆದೊಯ್ಯುತ್ತಿದ್ದ ಹಾರಿಯೆಟ್ ಟಬ್‌ಮನ್ ಈ ಹಾಡಿನಿಂದಲೇ ಸನ್ನೆ ಕೊಡುತ್ತಿದ್ದರು ಎಂಬ ಕಥೆ ಬಹಳ ಜನಪ್ರಿಯ. ಕಥೆ ಚೆನ್ನಾಗಿದೆ, ದಾಖಲೆಯ ಬಲ ಮಾತ್ರ ಅದಕ್ಕೆ ಸಾಲದು. ಇರಲಿ. ಇನ್ನೊಂದು ಹಾಡಿನ ಹೆಸರು 'ವಾಟ್ ಎ ಫ್ರೆಂಡ್'. ಆ ಹೆಸರು ಕೇಳಿದರೆ ಸಾಕು, 1855ರ ಸುಮಾರಿಗೆ ಕೆನಡದಲ್ಲಿದ್ದ ಜೋಸೆಫ್ ಸ್ಕ್ರಿವೆನ್ ಐರ್ಲೆಂಡಿನ ತಾಯಿಗಾಗಿ ಬರೆದ ಹಳೆಯ ಕೀರ್ತನೆ ನೆನಪಾಗುತ್ತದೆ. ನಮ್ಮಲ್ಲೂ ಪ್ರೊಟೆಸ್ಟೆಂಟ್ ಚರ್ಚಿಗೆ ಹೋಗಿ ಬಂದವರಿಗೆ ಅದರ ಧಾಟಿ ಗೊತ್ತಿರು‌ತ್ತದೆ.

ನನ್ನ ಪಾಲಿಗೆ ಆಲ್ಬಮ್ಮಿನ ಎದೆ ಇರುವುದು 'ಕಾಂಟ್ ಗಿವ್ ಅಪ್ ನೌ' ಹಾಡಿನಲ್ಲಿ. ಇದರ ಪಲ್ಲವಿ ಅಕ್ಕ ತಂಗಿಯರದ್ದಲ್ಲ. ಕರ್ಟಿಸ್ ಬರೆಲ್ ಬರೆದದ್ದು, ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್ 1978ರಲ್ಲಿ ರೆಕಾರ್ಡ್ ಮಾಡಿ ಮನೆಮಾತಾಗಿಸಿದ್ದು. ಹೊರಟ ಜಾಗದಿಂದ ಬಹಳ ದೂರ ಬಂದಿದ್ದೇನೆ, ದಾರಿ ಸಲೀಸು ಎಂದು ಯಾರೂ ಹೇಳಿರಲಿಲ್ಲ, ಇಷ್ಟು ದೂರ ಕರೆತಂದವನು ಇಲ್ಲಿ ಕೈಬಿಡಲಾರ ಎನ್ನುವ ಭಾವ. ಮೇರಿ ಮೇರಿ ಆ ಪಲ್ಲವಿಯನ್ನು ಹಾಗೇ ಇಟ್ಟುಕೊಂಡು ಚರಣ ತಾವು ಬರೆದಿದ್ದಾರೆ. ಹೊಸ ತಲೆಮಾರಿನವರಿಗೆ ಇದು ಮೇರಿ ಮೇರಿ ಹಾಡು, ಅವರ ಅಮ್ಮಂದಿರಿಗೆ ಕ್ಲೀವ್‌ಲ್ಯಾಂಡ್ ಹಾಡು. ಒಂದೇ ಕಾರಿನಲ್ಲಿ ಕೂತ ಇಬ್ಬರೂ ಪಲ್ಲವಿ ಬಂದಾಗ ಒಟ್ಟಿಗೆ ಬಾಯಿ ತೆರೆಯಬಹುದು. 'ಶ್ಯಾಕಲ್ಸ್' ಕೇಳಿ ಮುಖ ಗಂಟಿಕ್ಕಿದ ಹಿರಿಯರೂ ಇದಕ್ಕೆ ಸೋತಿರಬೇಕು.

ಪೇಟೆಗೆ ಹೋಗಿ ಬರುವಾಗ ಕಳೆದುಹೋದದ್ದು ಒಂದಿದೆ ಎಂದಿದ್ದೆ. ಅದು ಹೊತ್ತು, ಅಂದರೆ ಸಮಯ.

ಚರ್ಚಿನಲ್ಲಿ ಗಾಸ್ಪೆಲ್ ಹಾಡಿನ ಕೊನೆಯ ಭಾಗಕ್ಕೆ ವ್ಯಾಂಪ್ ಎನ್ನುತ್ತಾರೆ. ಚರಣ, ಪಲ್ಲವಿ ಎಲ್ಲ ಮುಗಿದ ಮೇಲೆ ಕ್ವಾಯರ್ ಒಂದೇ ಒಂದು ಸಣ್ಣ ಸಾಲನ್ನು ಹಿಡಿದು ಸುತ್ತಿಸತೊಡಗುತ್ತದೆ. ಮುಖ್ಯ ಗಾಯಕಿ ಅದರ ಮೇಲೆ ತೋಚಿದ್ದು ಹಾಡುತ್ತಾಳೆ, ಕೂಗುತ್ತಾಳೆ, ಸಭೆಯತ್ತ ತಿರುಗಿ ಸಾಕ್ಷಿ ಹೇಳುತ್ತಾಳೆ. ಹ್ಯಾಮಂಡ್ ಆರ್ಗನ್ ನುಡಿಸುವವನು ಶ್ರುತಿಯನ್ನು ಅರ್ಧ ಮೆಟ್ಟಿಲು ಮೇಲೇರಿಸುತ್ತಾನೆ. ಕ್ವಾಯರ್ ಅದೇ ಸಾಲನ್ನು ಅಲ್ಲಿಂದ ಹಿಡಿಯುತ್ತದೆ. ಇನ್ನೂ ಅರ್ಧ ಮೆಟ್ಟಿಲು. ಬೆಂಚಿನಲ್ಲಿ ಒಬ್ಬಳು ಅಜ್ಜಿ ಎದ್ದು ನಿಲ್ಲುತ್ತಾಳೆ. ಈಗ ನಿಲ್ಲಿಸುವ ಹಾಗಿಲ್ಲ. ಡ್ರಮ್ಮರ್ ಅವಳ ಕಾಲು ನೋಡಿಕೊಂಡೇ ನುಡಿಸಬೇಕು. ಎಷ್ಟು ಹೊತ್ತು? ಅದು ಯಾರ ಕೈಯಲ್ಲೂ ಇಲ್ಲ. ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ 1972ರ ಜನವರಿಯಲ್ಲಿ, ಇದೇ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಇದೇ ಜೇಮ್ಸ್ ಕ್ಲೀವ್‌ಲ್ಯಾಂಡ್ ಪಿಯಾನೊಗೆ ಕೂತಿದ್ದಾಗ 'ಅಮೇಜಿಂಗ್ ಗ್ರೇಸ್' ಹಾಡಿದ್ದು ರೆಕಾರ್ಡಿನಲ್ಲಿ ಹತ್ತು ನಿಮಿಷ ದಾಟುತ್ತದೆ. ಎಷ್ಟೋ ಹೊತ್ತು ಅವರು ಒಂದೊಂದು ಅಕ್ಷರದ ಮೇಲೆಯೇ ನಿಂತಿರುತ್ತಾರೆ, ಸಭೆ ಅವರನ್ನು ತಳ್ಳುತ್ತಿರುತ್ತದೆ.

'ಶ್ಯಾಕಲ್ಸ್' ಮೂರು ನಿಮಿಷ ಚಿಲ್ಲರೆ. ಕೊನೆಗೆ ಪಲ್ಲವಿ ಸುತ್ತಿಸುತ್ತಾರೆ, ಮೇಲೆ ಎರಿಕಾ, ಟೀನಾ ದನಿ ಬಿಡತೊಡಗುತ್ತಾರೆ, ಅಂದರೆ ವ್ಯಾಂಪ್ ಶುರುವಾಯಿತು ಎಂದಾಗ ಹಾಡು ಮುಗಿಯುತ್ತದೆ. ಮುಗಿಯಲೇಬೇಕು, ಮುಂದೆ ಜಾಹೀರಾತು ಇದೆ. ತಾಳದ ತಕರಾರು ಎತ್ತಿದವರು ಈ ಕಡೆ ನೋಡಲಿಲ್ಲ ಎಂಬುದು ನನ್ನ ದೂರು. ಬೇಡಿ ಬಿಚ್ಚಲು ಕೇಳುವ ಹಾಡಿಗೆ, ಬಿಚ್ಚಿದ ಮೇಲೆ ಕುಣಿಯುವಷ್ಟು ಹೊತ್ತೇ ಸಿಗಲಿಲ್ಲ. ಇದು ಅವರಿಬ್ಬರ ತಪ್ಪು ಎನ್ನುತ್ತಿಲ್ಲ. ರೇಡಿಯೊದ ಅಳತೆಯೇ ಅದು. ಆಮೇಲೆ ಇದು ಇನ್ನೂ ಬಿಗಿಯಾಯಿತು. 2019ರಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ತಂದ 'ಜೀಸಸ್ ಈಸ್ ಕಿಂಗ್' ಬಿಲ್‌ಬೋರ್ಡಿನ ಮೊದಲ ಸ್ಥಾನಕ್ಕೆ ಹೋಯಿತು. ಇಡೀ ಆಲ್ಬಮ್ಮೇ ಇಪ್ಪತ್ತೇಳು ನಿಮಿಷ. ಎಷ್ಟೋ ಚರ್ಚುಗಳಲ್ಲಿ ಅಷ್ಟು ಹೊತ್ತಿಗೆ ಪ್ರಕಟಣೆಗಳೇ ಮುಗಿದಿರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಮಾತಿನ ಬಗ್ಗೆ. ಪಾಪ್ ಕೇಳುಗರಿಗೆ ಹಿಡಿಸಬೇಕೆಂದು ಯೇಸುವಿನ ಹೆಸರನ್ನು ಹಿಂದಕ್ಕೆ ಸರಿಸುತ್ತಾರೆ ಎಂಬುದು. 'ಥ್ಯಾಂಕ್‌ಫುಲ್' ಮಟ್ಟಿಗೆ ಇದನ್ನು ನಾನು ಒಪ್ಪುವುದಿಲ್ಲ. ಆಲ್ಬಮ್ ಪೂರ್ತಿ ಕೇಳಿದವರಿಗೆ ಯಾರ ಹಾಡು ಎಂದು ಅನುಮಾನ ಉಳಿಯದು. ಅದೇ ಜೋಡಿಯ 2008ರ 'ಗಾಡ್ ಇನ್ ಮಿ' ಹಾಡಿನ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಇರುಸುಮುರುಸು. ಕ್ಲಾರ್ಕ್ ಮನೆತನದ ಮೊಮ್ಮಗಳು ಕೀಯೆರಾ ಶೀರ್ಡ್ ಜೊತೆಗಿದ್ದಾರೆ, ಬೀಟು ಅಮೋಘ, ಗ್ರ್ಯಾಮಿಯೂ ಬಂತು. ಆದರೆ ಬಟ್ಟೆ, ಕಾರು ಎಂದು ಶುರುವಾಗಿ ಇದೆಲ್ಲ ನನ್ನೊಳಗಿನ ದೇವರ ಮಹಿಮೆ ಎನ್ನುವ ಹಾಡಿನಲ್ಲಿ ಮಹಿಮೆ ಯಾವುದರದ್ದು ಎಂದು ನನಗೆ ಪ್ರತಿ ಸಲ ಗೊಂದಲವಾಗುತ್ತದೆ. ದೇವರು ಕೊಟ್ಟ ಸಿರಿಯನ್ನು ಸಾಕ್ಷಿಯಾಗಿ ಹೇಳುವುದು ಅವರ ಸಂಪ್ರದಾಯದಲ್ಲಿ ಸಹಜ ಎಂದು ಗೊತ್ತು. ಆದರೂ ಎಲ್ಲ ಒಂದೇ ಸಲ ಕೆಟ್ಟುಹೋಯಿತು, ಭಾರ ಇಳಿಸು, ತಡೆಯಲಾರೆ ಎಂದು ಹಾಡಿದ 'ಶ್ಯಾಕಲ್ಸ್'ನ ಹೆಂಗಸರೇ ನನಗೆ ಇಷ್ಟ.

ಪ್ರಶ್ನೆ ಕೇಳುವ ಮುಂಚೆ ಎರಡು ಹಾಡು ಬೆನ್ನು ಬೆನ್ನಿಗೆ ಹಾಕುತ್ತೇನೆ. ಮೊದಲು ಕ್ಲೀವ್‌ಲ್ಯಾಂಡ್ 1978ರಲ್ಲಿ ಹಾಡಿದ್ದು, ಆಮೇಲೆ ಅದೇ ಪಲ್ಲವಿಯ ಮೇರಿ ಮೇರಿ ಹಾಡು. ಮೊದಲನೆಯದರಲ್ಲಿ ಕ್ವಾಯರ್ ಎಷ್ಟು ಸಾವಕಾಶವಾಗಿ ಒಳಗೆ ಬರುತ್ತದೆ, ಎರಡನೆಯದರಲ್ಲಿ ಪಲ್ಲವಿ ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದನ್ನು ಹೋಲಿಸಿ ಕೇಳಿ. ಎರಡರಲ್ಲೂ ಚಪ್ಪಾಳೆ ಹಾಕುವುದಾದರೆ ದಯವಿಟ್ಟು ಎರಡಕ್ಕೂ ನಾಲ್ಕಕ್ಕೂ ಹಾಕಿ, ಒಂದಕ್ಕೂ ಮೂರಕ್ಕೂ ಬೇಡ.